ರತ್ನ ಬರೆದ ವಿಮರ್ಶೆ

ನನ್ನ ಹೆಸರಿನಲ್ಲಿ ಮೊಟ್ಟಮೊದಲು ಅಚ್ಚಾದ ಲೇಖನವನ್ನು ನಾನು ಬರೆಯಲಿಲ್ಲ. ಬರೆದವಳು ರತ್ನ. ನಾನು ಕದ್ದೆ. ಅಷ್ಟೇ ಆಗಿದ್ದರೆ ಎಂದೋ ಹೇಳಿ ಹಗುರಾಗಿಬಿಡುತ್ತಿದ್ದೆನೋ ಏನೋ — ಕದ್ದ ಮೇಲೆ ಅವಳಿಗೆ ಒಂದು ಮಾತನ್ನೂ ಆಡಿದೆ. ಅದನ್ನು ಒಪ್ಪಿಕೊಳ್ಳುವುದಕ್ಕೇ ಇಷ್ಟು ವರ್ಷ ಬೇಕಾಯಿತು. ಈಗ ಅರವತ್ತರ ಹತ್ತಿರ ಬಂದಿದ್ದೇನೆ. ಮುಚ್ಚಿಟ್ಟುಕೊಂಡು ತಿರುಗುವುದಕ್ಕೂ ಸುಸ್ತಾಗಿದೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಒಂದು ಚಳಿಗಾಲ. ನ್ಯೂಯಾರ್ಕಿನ ಹತ್ತಿರದ ಪಿಸ್ಕಾಟವೇಯಲ್ಲಿ ನಾವಿಬ್ಬರೂ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೆವು. ನಾನು ಮೈಸೂರಿನಲ್ಲಿ ನಾಲ್ಕನೇ ಕ್ಲಾಸು ಮುಗಿಸಿ, ಅಪ್ಪ ಅಮ್ಮನ ಜೊತೆ ಈ ದೇಶಕ್ಕೆ ಬಂದು ಫ್ಲೋರಲ್ ಪಾರ್ಕ್ ಎಂಬ ಊರಿನಲ್ಲಿ ಬೆಳೆದವಳು. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದೆ, ಕ್ಯಾಂಪಸ್ ಪತ್ರಿಕೆಯಲ್ಲಿ ಹೇಗಾದರೂ ಹೆಸರು ಬರಲಿ ಎಂದು ಒದ್ದಾಡುತ್ತಿದ್ದೆ. ರತ್ನ ಮಂಡ್ಯದಿಂದ ಎಂ.ಎಸ್. ಮಾಡಲು ಬಂದವಳು, ಎಲೆಕ್ಟ್ರಿಕಲ್ ಇಂಜಿನಿಯರಿಂಗ್. ಅವಳದೊಂದು ಪದ್ಧತಿ — ಏನೇ ಬರೆಯಬೇಕಾದರೂ ಮೊದಲು ಕನ್ನಡದಲ್ಲಿ. ಲ್ಯಾಬ್ ರಿಪೋರ್ಟಾಗಲಿ, ಹೀಟರ್ ಕೆಟ್ಟಿದೆ ಎಂದು ಲ್ಯಾಂಡ್‌ಲಾರ್ಡಿಗೆ ಬರೆಯುವ ಕಾಗದವಾಗಲಿ, ಹಳದಿ ಹಾಳೆಯ ಪ್ಯಾಡಿನಲ್ಲಿ ಕನ್ನಡದಲ್ಲಿ ಬರೆದು ನನ್ನ ಮೇಜಿನ ಮೇಲೆ ಇಡುವಳು. ನಾನು ಅದನ್ನು ಇಂಗ್ಲಿಷಿಗೆ ಮಾಡಿಕೊಡಬೇಕು. ಬದಲಿಗೆ ಅಡುಗೆ ಅವಳದು. ಈ ಏರ್ಪಾಡಿನಲ್ಲಿ ಇಬ್ಬರೂ ಸುಖವಾಗಿದ್ದೆವು.

ಪತ್ರಿಕೆಯವರು ನನಗೊಂದು ರೆಕಾರ್ಡ್ ಕೊಟ್ಟು ವಿಮರ್ಶೆ ಬರೆದು ತಾ ಎಂದರು. ಇಂಗ್ಲೆಂಡಿನ ಯಾವುದೋ ಊರಿನ ನಾಲ್ವರು ಹುಡುಗರ ರಾಕ್ ಬ್ಯಾಂಡ್, ಅವರ ಮೊದಲನೇ ಆಲ್ಬಮ್. ದೊಡ್ಡ ಕಂಪನಿಗಳ ಹಂಗಿಲ್ಲದೆ ಮಾಡಿದ್ದು — ಇಂಡೀ ಎನ್ನುತ್ತಿದ್ದರು, ಆಗ ಕ್ಯಾಂಪಸ್ಸಿನಲ್ಲಿ ಅದೇ ಹುಚ್ಚು. ಚೆನ್ನಾಗಿ ಬರೆದರೆ ವಾರವಾರ ಅಂಕಣ ಕೊಡುತ್ತೇನೆ ಎಂದೂ ಎಡಿಟರ್ ಹೇಳಿದ್ದ. ನಾಲ್ಕು ದಿನ ಕೇಳಿದೆ. ತಲೆಗೆ ಏನೂ ಹೊಳೆಯಲಿಲ್ಲ. ದೊಡ್ಡ ದೊಡ್ಡ ಪದಗಳನ್ನು ಪೇರಿಸಿ ಒಂದು ಪ್ಯಾರಾ ಬರೆದು ಹರಿದು ಹಾಕಿದೆ. ರತ್ನ ಆಗ ಹುಳಿಗೆ ಒಗ್ಗರಣೆ ಹಾಕುತ್ತಿದ್ದಳು. ಸ್ಟವ್ ಆರಿಸಿ, ಕೈ ಒರೆಸಿಕೊಂಡು ಬಂದು ನೆಲದ ಮೇಲೆ ಕೂತು ರೆಕಾರ್ಡಿನ ಎರಡು ಕಡೆಯನ್ನೂ ಪೂರ್ತಿ ಕೇಳಿದಳು. ಇನ್ನೊಂದು ಸಲ ಹಾಕೇ ಅಂದಳು. ಅವಳು ರಾಕ್ ಸಂಗೀತವನ್ನು ಹಾಗೆ ಕೂತು ಕೇಳಿದ್ದೇ ಅದು ಮೊದಲು.

ಮರುದಿನ ಮೇಜಿನ ಮೇಲೆ ಮೂರು ಹಳದಿ ಹಾಳೆ. ಸುಮ್ಮನೆ ಬರೆದೆ, ಹೇಗಿದೆ ಹೇಳು ಎಂದು ಮೇಲೆ ಒಂದು ಸಾಲು. ಡ್ರಮ್ ಬಾರಿಸುವವನು ಒಳಕೋಣೆಯಲ್ಲಿ ಯಾರೋ ಕಾಯಿಲೆಯವರು ಮಲಗಿದ್ದಾರೆ ಎಂಬಂತೆ ಬಾರಿಸುತ್ತಾನೆ ಎಂದು ಬರೆದಿದ್ದಳು. ಹಾಡುವವನಿಗೆ ತನ್ನ ದನಿ ಚೆನ್ನಾಗಿಲ್ಲವೆಂದು ಗೊತ್ತು, ಗೊತ್ತಿದ್ದೂ ಹಾಡುತ್ತಾನಲ್ಲ, ಅದಕ್ಕೇ ಅವನನ್ನು ನಂಬಬೇಕೆನಿಸುತ್ತದೆ ಎಂದು ಬರೆದಿದ್ದಳು. ಇನ್ನೊಂದು ಅವಕಾಶ ಸಿಗುತ್ತದೋ ಇಲ್ಲವೋ ಎಂದು ಗೊತ್ತಿದ್ದದ್ದನ್ನೆಲ್ಲ ಒಂದೇ ಸಲ ಹೇಳಿಬಿಟ್ಟಿದ್ದಾರೆ, ಪಾಪ — ಎಂದು ಮುಗಿಸಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಏಕೆ ಹೇಳಲಿ, ಅಷ್ಟು ಹೊಟ್ಟೆಕಿಚ್ಚು ಮತ್ತೆ ಯಾರ ಮೇಲೂ ಆಗಿಲ್ಲ.

ಟೈಪ್‌ರೈಟರ್ ಮುಂದೆ ಕೂತು ಸಾಲಿಗೆ ಸಾಲು ಇಂಗ್ಲಿಷಿಗೆ ಮಾಡಿದೆ. ನನ್ನದೆಂದು ಒಂದು ಪದವನ್ನೂ ಸೇರಿಸಲಿಲ್ಲ. ‘ಪಾಪ’ಕ್ಕೆ ಮಾತ್ರ ಇಂಗ್ಲಿಷಿನಲ್ಲಿ ಏನೂ ಸಿಗದೆ ಬಿಟ್ಟೆ. ದಿನವೂ ಅವಳ ಕಾಗದಗಳನ್ನು ಮಾಡಿಕೊಡುವುದಿಲ್ಲವೇ, ಇದೂ ಹಾಗೇ ಅಂದುಕೊಂಡೆ. ಆದರೆ ಆ ಕಾಗದಗಳ ಕೆಳಗೆ ಅವಳ ಹೆಸರಿರುತ್ತಿತ್ತು. ಇದರ ಕೆಳಗೆ ನನ್ನ ಹೆಸರು ಹೊಡೆದೆ. ಎಡಿಟರ್ ಓದಿ ತಲೆಯೆತ್ತಿ, ನಿಜವಾಗಲೂ ನೀನೇ ಬರೆದದ್ದಾ ಎಂದು ಕೇಳಿದ. ಹೌದು ಎಂದೆ.

ಸಂಜೆ ಮನೆಗೆ ಬಂದರೆ ರತ್ನ ಕಾಯುತ್ತಿದ್ದಳು — ಓದಿದೆಯಾ ಎಂದು ಕೇಳುವುದಕ್ಕೆ. ಚೆನ್ನಾಗಿದೆ ಎಂದರೆ ನಾಳೆ ಅಚ್ಚಾದಾಗ ಸಿಕ್ಕಿಬೀಳುತ್ತೇನೆ. ಓದಲಿಲ್ಲ ಎಂದರೆ... ಅಷ್ಟಾದರೂ ಹೇಳಬಹುದಿತ್ತು. ಹೇಳಲಿಲ್ಲ.

“ಓದ್ದೆ. ಅದ್ರಲ್ಲೇನೂ ಇಲ್ಲ ಕಣೇ. ನಿಂಗೆ ಬರಿಯೋಕ್ಕೆ ಬರಲ್ಲ, ಬಿಟ್ಬಿಡು.”

ಹೌದಾ ಎಂದಳು. ಆಮೇಲೆ ತಟ್ಟೆ ಹಾಕಿದಳು.

ವಾರ ಕಳೆದು ಪತ್ರಿಕೆ ಬಂತು. ತಂದವಳೂ ಅವಳೇ. ನನ್ನೆದುರಿಗೇ ಕೂತು ಓದಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ಅವಳು ಏನೂ ಕೇಳದಿದ್ದರೂ ನಾನು ಉತ್ತರ ಹುಡುಕುತ್ತಿದ್ದೆ. ಅವಳು ಪತ್ರಿಕೆಯನ್ನು ಮಡಿಸಿಟ್ಟಳು.

“ನಾನೂ ಇದನ್ನೇ ಹೇಳೋಕ್ಕೆ ಹೋಗಿದ್ದೆ ಕಣೇ, ಬರ್ಲಿಲ್ಲ. ನಿನ್ ಕೈಲಿ ಎಷ್ಟು ಚೆನ್ನಾಗಿ ಬಂದಿದೆ ನೋಡು.”

ಕುಹಕವೇನೋ ಎಂದು ಅವಳ ಮುಖ ನೋಡಿದೆ. ಇರಲಿಲ್ಲ. ನಾನು ಇಲ್ಲೇ ಬೆಳೆದವಳು, ಸಾಹಿತ್ಯ ಓದಿದವಳು, ಅವಳ ಕಾಗದಗಳನ್ನೆಲ್ಲ ನೆಟ್ಟಗೆ ಮಾಡಿಕೊಡುವವಳು — ಇಂಗ್ಲಿಷಿನಲ್ಲಿ ತನ್ನ ಸಾಲುಗಳೇ ಅವಳಿಗೆ ನನ್ನ ಜಾಣತನವಾಗಿ ಕಂಡವು. ಕಳ್ಳಿ ಎಂದು ಬೈದಿದ್ದರೆ ಕಾಲು ಹಿಡಿಯುತ್ತಿದ್ದೆನೇನೋ. ನಾನು ಥ್ಯಾಂಕ್ಸ್ ಎಂದೆ. ಅಯ್ಯೋ ದೇವರೇ, ಥ್ಯಾಂಕ್ಸ್ ಎಂದೆ.

ಅಂಕಣ ಸಿಕ್ಕಿತು. ಅದನ್ನು ತೋರಿಸಿ ನ್ಯೂಯಾರ್ಕಿನ ಒಂದು ಪತ್ರಿಕೆ ಸೇರಿದೆ, ಅಲ್ಲಿಂದ ಕಾಲೇಜೊಂದರಲ್ಲಿ ಹುಡುಗರಿಗೆ ಬರವಣಿಗೆ ಕಲಿಸುವ ಕೆಲಸ — ನಗು ಬರುತ್ತದೆ. ಈಗಲೂ ಪಾರ್ಸಿಪನಿಯ ಮನೆಯಿಂದ ದಿನವೂ ಅಲ್ಲಿಗೆ ಕಮ್ಯೂಟ್ ಮಾಡುತ್ತೇನೆ. ಆ ಮೂರು ಹಾಳೆಯಷ್ಟು ಒಳ್ಳೆಯದನ್ನು ನಾನು ಇವತ್ತಿನವರೆಗೂ ಬರೆದಿಲ್ಲ. ರತ್ನ ಟೆಲಿಕಾಂ ಆಫೀಸು ಸೇರಿ ಅಲ್ಲೇ ಪಿಸ್ಕಾಟವೇಯಲ್ಲಿ ಮನೆ ಮಾಡಿದಳು. ನಾನು ಆ ಮಾತಾಡಿದ ದಿನದಿಂದ ಅವಳು ಕನ್ನಡದಲ್ಲಿ ಏನನ್ನೂ ಬರೆಯಲಿಲ್ಲ, ರಿಪೋರ್ಟುಗಳನ್ನು ನೇರವಾಗಿ ತನ್ನ ಮುರುಕು ಇಂಗ್ಲಿಷಿನಲ್ಲೇ ಬರೆಯತೊಡಗಿದಳು. ಹಬ್ಬಕ್ಕೆ ಕರೆಯುತ್ತಾಳೆ, ಬಂದವರಿಗೆಲ್ಲ ಇವಳು ನಮ್ ರೈಟರ್ ಎಂದು ನನ್ನನ್ನು ತೋರಿಸುತ್ತಾಳೆ. ನಾನು ಹೋಳಿಗೆ ತಿಂದು ಬರುತ್ತೇನೆ. ಒಮ್ಮೆ ಇಬ್ಬರೂ ಕಾರಿನಲ್ಲಿ ಬರುವಾಗ ಹೇಳಿಬಿಡೋಣವೆಂದು, ಆ ಇಂಗ್ಲೆಂಡಿನ ಹುಡುಗರ ರೆಕಾರ್ಡ್ ನೆನಪಿದೆಯಾ ಎಂದೆ. ಇಲ್ಲದೆ ಏನು, ಅದರ ಮೇಲೆ ಎಷ್ಟು ಚೆನ್ನಾಗಿ ಬರೆದಿದ್ದೆ ನೀನು ಎಂದಳು. ನಾನು ಹೈವೇಯಿಂದ ಇಳಿಯೋಕ್ಕೆ ಯಾವ ಎಕ್ಸಿಟ್ ತೊಗೋಬೇಕು ಎಂದು ಕೇಳಿದೆ.

ಹೋದ ತಿಂಗಳು ನಮ್ಮ ಕನ್ನಡ ಕೂಟದ ಸ್ಮರಣ ಸಂಚಿಕೆಯ ಹುಡುಗಿ ಫೋನ್ ಮಾಡಿದಳು. ಹಳೆಯ ದಿನಗಳ ಬಗ್ಗೆ ಲೇಖನ ಬೇಕಂತೆ. ಮೊದಲು ರತ್ನಳನ್ನು ಕೇಳಿದರಂತೆ.

“ರತ್ನಾ ಆಂಟಿ ‘ನಂಗೆ ಬರಿಯೋಕ್ಕೆ ಬರಲ್ಲ, ಅವಳನ್ನ ಕೇಳಿ’ ಅಂದ್ರು, ಆಂಟಿ.”

ಆಗಲಿ ಎಂದು ಫೋನ್ ಇಟ್ಟು, ಕೋಟು ಕೂಡ ತೆಗೆಯದೆ ಕೂತುಬಿಟ್ಟೆ. ಮೂವತ್ತೈದು ವರ್ಷವಾದರೂ ಒಂದಕ್ಷರ ಬದಲಾಗಿಲ್ಲ.

ಸಂಚಿಕೆಯವರೇ, ನೀವು ಕೇಳಿದ ಲೇಖನ ಇದೇ. ನಿಮಗೆ ಕೊಡುವ ಮೊದಲು ಭಾನುವಾರ ರತ್ನಳ ಮನೆಗೆ ಹೋಗಿ ಅವಳೆದುರು ಕೂತು ಇದನ್ನು ಓದುತ್ತೇನೆ. ಕ್ಷಮಿಸು ಎನ್ನುವ ಮುಖ ನನಗಿಲ್ಲ. ಮತ್ತೆ ಈ ಮನೆಗೆ ಬರಬೇಡ ಎಂದರೆ ಅದೂ ಸರಿಯೇ. ನಿಮ್ಮಲ್ಲಿ ಒಂದೇ ಕೋರಿಕೆ: ಅವಳನ್ನು ಇನ್ನೊಂದು ಸಲ ಕೇಳಿ. ಬರೆಯುವುದಕ್ಕೆ ಬರುವುದಿಲ್ಲ ಎಂದರೆ ನಂಬಬೇಡಿ. ಆ ಮಾತು ಅವಳದಲ್ಲ, ನನ್ನದು.