ಮೋಟಾರಿಗೆ ಸಿಹಿನೀರು

ಮೊನ್ನೆ ಗೀಜರ್ ಕೆಟ್ಟಿತೆಂದು ಕೊಪ್ಪಳ ಪೇಟೆಯಿಂದ ರಿಪೇರಿಯವನನ್ನು ಕರೆಸಿದ್ದೆವು. ಅವನು ಒಳಗಿನ ಕಾಯಿಲ್ ಹೊರಗೆಳೆದು, ಅದಕ್ಕೆ ಬೆರಳು ದಪ್ಪ ಹತ್ತಿದ್ದ ಬಿಳಿ ಪದರನ್ನು ಬಡಿದು ಕೆಡವಿ, ಒಂದು ಚೂರನ್ನು ನನ್ನ ಅಂಗೈಯಲ್ಲಿಟ್ಟ. "ಸವಳ ನೀರಿನ ಹಣೇಬರಾ ಇಷ್ಟರಿ ಅಮ್ಮಾ" ಅಂದ. ನನಗೇ ಪಾಠ ಹೇಳಲು ಬಂದಿದ್ದ ಪುಣ್ಯಾತ್ಮ. ಈ ಚೂರಿನ ಪರಿಚಯ ನನಗೆ ಅವನ ಅಪ್ಪ ಹುಟ್ಟುವ ಮೊದಲಿನದು.

ಬೇವೂರಿಗೆ ನಾನು ಸೊಸೆಯಾಗಿ ಬಂದಾಗ ಇನ್ನೂ ನಿಜಾಮರ ಕಾಲ. ಮಾವನವರು ಊರ ಗೌಡರು. ಅಂಗಳದಲ್ಲೊಂದು ಮೋಟಾರಿತ್ತು, ಹೈದರಾಬಾದಿನ ಕಡೆಯ ಸಾಹೇಬರೊಬ್ಬರು ಓಡಿಸಿ ಓಡಿಸಿ ಬೇಸತ್ತು ಮಾರಿದ್ದು. ವಯಸ್ಸಿನಲ್ಲಿ ಅದು ನನಗಿಂತ ನಾಲ್ಕೈದು ವರ್ಷ ಚಿಕ್ಕದಿರಬೇಕು, ಮರ್ಯಾದೆಯಲ್ಲಿ ಮಾತ್ರ ಬಹಳ ದೊಡ್ಡದು. ಹಬ್ಬಕ್ಕೊಮ್ಮೆ ಅದಕ್ಕೆ ಆರತಿ, ನನಗೆ ಬಚ್ಚಲ ಹಂಡೆ ತಿಕ್ಕುವ ಕೆಲಸ. ಹೊಟ್ಟೆಕಿಚ್ಚು ಅನ್ನಿ ಬೇಕಾದರೆ, ನಾನು ಅದನ್ನು ನೋಡಿ ಮೂತಿ ತಿರುವುತ್ತಿದ್ದೆ. ಓಡಿಸುವವರು ಹುಸೇನಸಾಬರು. ಮೃದು ಮಾತಿನ ಮನುಷ್ಯ, ಮನೆಯಲ್ಲಿ ಆರು ಮಂದಿ ಉಣ್ಣುವವರು, ದುಡಿಯುವವರು ಇವರೊಬ್ಬರೇ.

ಆ ವರ್ಷ ಬೇಸಿಗೆಗೆ ಮೋಟಾರು ಕುದಿಯತೊಡಗಿತು. ಯಲಬುರ್ಗಿ ಮುಟ್ಟುವುದರೊಳಗೆ ಎರಡು ಸಲ ಮೂತಿಯಿಂದ ಹಬೆ. ಎಣ್ಣೆ ಸಾಲದು ಎಂದರೊಬ್ಬರು, ಫ್ಯಾನು ತಿರುಗಿಸುವ ಪಟ್ಟಾ ಸಡಿಲಾಗಿದೆ ಎಂದರು ಇನ್ನೊಬ್ಬರು. ಅತ್ತೆ ಅದಕ್ಕೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು, ನಾವೆಲ್ಲ ಕೆಮ್ಮಿದೆವು. ಹುಸೇನಸಾಬರು ಪಟ್ಟಾ ಬಿಗಿದರು, ಎಣ್ಣೆ ಬದಲಿಸಿದರು. ಕುದಿಯುವುದು ನಿಲ್ಲಲಿಲ್ಲ. ಕೊನೆಗೊಂದು ದಿನ ಮಾವನವರು ತಾವರಗೇರಾ ದಾರಿಯಿಂದ ಯಾರದೋ ಎತ್ತಿನ ಬಂಡಿ ಹತ್ತಿ ಮನೆಗೆ ಬರಬೇಕಾಯಿತು. ಗೌಡರಿಗೆ ಅದಕ್ಕಿಂತ ಅವಮಾನ ಬೇಕೇ? ಹಿಂದೆಯೇ ಮೋಟಾರನ್ನು ತಳ್ಳಿಸಿಕೊಂಡು ಬಂದ ಹುಸೇನಸಾಬರನ್ನು ಅಂಗಳದಲ್ಲೇ ನಿಲ್ಲಿಸಿದರು.

"ನೀ ನೀರ ಹಾಕೂದಿಲ್ಲ, ಹಾಕೀನಿ ಅಂತ ಸುಳ್ಳ ಹೇಳ್ತಿ. ನಾಳಿ ಮುಂಜಾನಿ ಕೀಲಿ ಇಟ್ಟು ಹೋಗು."

"ಎರಡು ಡಬ್ಬಿ ಹಾಕೀನ್ರಿ ಗೌಡ್ರ. ಓಡಿಸಿದಾಗ ನೀರಿನ ಪೆಟ್ಟಿಗಿಗೆ ಕೈ ಇಟ್ಟು ನೋಡ್ರಿ, ಮ್ಯಾಲ ಸುಡ್ತೈತಿ, ಕೆಳಗ ತಣ್ಣಗೈತಿ. ನೀರು ಇಳೀವಲ್ದು. ಒಳಗ ಏನೋ ಕಟ್ಟೈತ್ರಿ."

ಹಾಗೆಂದು ಅವರು ಮುಂಭಾಗದ ನೀರಿನ ಪೆಟ್ಟಿಗೆಯ ಕೆಳಗಿನ ತಿರುಪು ಬಿಚ್ಚಿದರು. ಕೆಂಪು ನೀರಿನ ಜೊತೆ ಬಿಳಿ ಚೂರುಗಳು ಕಲ್ಲಿನ ಮೇಲೆ ಬಿದ್ದವು. ಮಾವನವರು "ಕಸ" ಎಂದು ಒಳಗೆ ನಡೆದರು. ಬಾಗಿಲ ಸಂದಿಯಲ್ಲಿ ನಿಂತಿದ್ದ ನನಗೆ ಮಾತ್ರ ಅದು ಕಸವಲ್ಲವೆಂದು ಗೊತ್ತಾಯಿತು. ತಿಂಗಳಿಗೊಮ್ಮೆ ಹಂಡೆಯೊಳಗೆ ಹುಣಸೆಹುಳಿ ಹಚ್ಚಿ, ಕಲ್ಲಿನಿಂದ ಬಡಿದು ನಾನು ಕೆಡವುತ್ತಿದ್ದುದು ಇದನ್ನೇ.

ನಮ್ಮಲ್ಲಿ ಎರಡು ಬಾವಿ. ಅಂಗಳದ ಸಿಹಿನೀರು ಅಡುಗೆಗೆ, ದೇವರಿಗೆ. ಹಿತ್ತಲ ಸವಳು ನೀರು ಸ್ನಾನಕ್ಕೆ, ದನಕ್ಕೆ. ಸಿಹಿನೀರಿನ ಬಾವಿಗೆ ಹುಸೇನಸಾಬರು ಕೊಡ ಇಳಿಸುವಂತಿರಲಿಲ್ಲ, ಮಾವನವರದೇ ಕಟ್ಟಪ್ಪಣೆ. ಹೀಗಾಗಿ ಅವರು ಎರಡು ವರ್ಷ ಮೋಟಾರಿಗೆ ಹಾಕಿದ್ದೆಲ್ಲ ದನದ ತೊಟ್ಟಿಯ ನೀರು. ತಪ್ಪು ಯಾರದು ಎಂದು ನನಗೆ ತಿಳಿಯಿತು. ಹೇಳುವುದು ಹೇಗೆ? ಸೊಸೆ ಮಾವನೆದುರು ಬಾಯಿ ತೆರೆಯುವಂತಿಲ್ಲ. ಅತ್ತೆಯ ಕಿವಿಯಲ್ಲಿ ಉಸುರಿದೆ. ಅವರು ಗಂಡನ ಮುಖ ನೋಡದೆ ಕಂಬಕ್ಕೆ ಹೇಳಿದರು:

"ಮೋಟಾರದ ಹೊಟ್ಟ್ಯಾಗ ಹಂಡೇದ ಸವಳು ಕಟ್ಟೈತಂತ. ಹುಣಸಿಹಣ್ಣಿನ ನೀರು ಹಾಕಿ ತೊಳೀಬೇಕಂತ."

"ಯಾರಂತಾರ?"

"ಹಂಡೆ ತಿಕ್ಕೋರು ಅಂತಾರ."

ಮಾವನವರು ಹುಣಸೆಹಣ್ಣಿನ ಗಡಿಗೆ ಹೊರಗೆ ಕಳಿಸಿರೆಂದರು. ಹುಸೇನಸಾಬರು ಹುಳಿನೀರು ತುಂಬಿ, ಯಂತ್ರ ಓಡಿಸಿ, ಬಸಿದು, ಮತ್ತೆ ತುಂಬಿ, ಎರಡು ದಿನ ತೊಳೆದರು. ಮೂರನೆಯ ದಿನ ಮೋಟಾರು ಕುಷ್ಟಗಿಗೆ ಹೋಗಿ ಹಬೆಯಿಲ್ಲದೆ ಬಂತು. ಕೀಲಿ ಹುಸೇನಸಾಬರ ಸೊಂಟದಲ್ಲೇ ಉಳಿಯಿತು. ಅವರು ಹಿತ್ತಲ ಬಾಗಿಲಿಗೆ ಬಂದು, ನೆಲ ನೋಡುತ್ತಾ, "ಅವ್ವಾರ, ನನ್ನ ಮಕ್ಕಳ ಅನ್ನ ಉಳಿಸಿದ್ರಿ" ಅಂದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಅಂದಿನಿಂದ ಮೋಟಾರಿಗೆ ಸಿಹಿನೀರು. ಬಾವಿಯ ಅಪ್ಪಣೆ ಸಡಿಲಾಯಿತೆಂದುಕೊಳ್ಳಬೇಡಿ. ನೀರು ಸೇದಿ, ಹುಸೇನಸಾಬರು ಹಿಡಿದ ಡಬ್ಬಿಗೆ ಮುಟ್ಟದ ಹಾಗೆ ಮೇಲಿನಿಂದ ಸುರಿಯುವುದು ನನ್ನ ಪಾಲಿಗೆ ಬಂತು. ಒಂದು ಮಧ್ಯಾಹ್ನ ಹುಸೇನಸಾಬರು ಅಳವಂಡಿಯಿಂದ ಬಂದವರೇ ಡಬ್ಬಿ ಹಿಡಿದರು. ತುಟಿ ಒಣಗಿ ಬಿರಿದಿತ್ತು. ಸುರಿದೆ. ಒಂದು ಹನಿ ಚೆಲ್ಲದಂತೆ ಮೋಟಾರಿಗೆ ಹಾಕಿದರು. ಹಾಕಿ, ಹಿತ್ತಲಿಗೆ ಹೋಗಿ, ದನದ ತೊಟ್ಟಿಗೆ ಬಗ್ಗಿ ಬೊಗಸೆಯಲ್ಲಿ ಸವಳು ನೀರು ಕುಡಿದರು. ನನ್ನ ಕೊಡದಲ್ಲಿ ಇನ್ನೂ ಅರ್ಧ ನೀರಿತ್ತು. ಅವರನ್ನು ಕರೆಯಬೇಕೆಂದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಅತ್ತೆ ಎಲ್ಲಿದ್ದಾರೆಂದು ಒಮ್ಮೆ ತಿರುಗಿ ನೋಡಿದೆ. ಆಮೇಲೆ ಆ ನೀರನ್ನು ಕರಿಬೇವಿನ ಬುಡಕ್ಕೆ ಹಾಕಿದೆ.

ಇಷ್ಟು ವರ್ಷ ಈ ಕತೆಯನ್ನು ಮಕ್ಕಳಿಗೂ ಮೊಮ್ಮಕ್ಕಳಿಗೂ ಹೇಳುತ್ತಲೇ ಬಂದಿದ್ದೇನೆ. ಅಜ್ಜಿ ಭಾಳ ಶಾಣ್ಯಾಕಿ ಎಂದು ನಗುತ್ತಾರೆ, ನಾನೂ ನಗುತ್ತೇನೆ. ಮೋಟಾರು ಕುಷ್ಟಗಿಯಿಂದ ಮರಳಿದಲ್ಲಿಗೆ ಕತೆ ಮುಗಿಸಿಬಿಡುತ್ತೇನೆ. ಕರಿಬೇವಿನವರೆಗೆ ಹೇಳಿದ್ದು ಇದೇ ಮೊದಲು.