ಮಾವ ಕರೆಸಿದ ಕಾವಲುಗಾರ

ಕಳೆದ ವರ್ಷ ಗಣಪತಿ ಹಬ್ಬ ಮುಗಿದ ಮರುವಾರದ ಶನಿವಾರ. ಊರಿಗೆಲ್ಲ ಅರ್ಧ ದಿನದ ಕೆಲಸವಾದರೆ ನಮ್ಮ ಆಫೀಸಿಗೆ ಶನಿವಾರವೂ ಪೂರ್ತಿ ದಿನ. ನಾನು ಮಲಾಡಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ಮನೆ ಇರುವುದು ಚೆಂಬೂರಿನಲ್ಲಿ. ಅಂಧೇರಿಯಲ್ಲಿ ಒಮ್ಮೆ, ವಡಾಲಾದಲ್ಲಿ ಒಮ್ಮೆ ಲೋಕಲ್ ಬದಲಿಸಿ ಮನೆ ಸೇರುವಷ್ಟರಲ್ಲಿ ಮೈ ಹಣ್ಣಾಗಿರುತ್ತದೆ. ಅವತ್ತು ಬಿಲ್ಡಿಂಗಿನ ಲಿಫ್ಟೂ ಕೆಟ್ಟಿತ್ತು. ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಮೇಲಿನಿಂದ ಸೈರನ್ ಸದ್ದು ಕೇಳಿಸಿತು. ಯಾರ ಮನೆಯದಪ್ಪಾ ಈ ಗೋಳು ಎಂದುಕೊಂಡು ಹತ್ತಿದರೆ ಅದು ನಮ್ಮ ಮನೆಯದೇ.

ಒಳಗೆ ನಮ್ಮ ಮಾವ ಕಂಪ್ಯೂಟರ್ ಮುಂದೆ ನೆಟ್ಟಗೆ ಕೂತಿದ್ದರು. ಎರಡೂ ಕೈ ಮಡಿಲಲ್ಲಿ. ಪರದೆಯ ತುಂಬ ಕೆಂಪು ಬಣ್ಣ, ಮಧ್ಯದಲ್ಲಿ ಒಂದು ದೊಡ್ಡ ಗುರಾಣಿಯ ಚಿತ್ರ. ಒಬ್ಬಳು ಹೆಂಗಸು ಇಂಗ್ಲಿಷಿನಲ್ಲಿ ಒಂದೇ ಸಮ ಕೂಗುತ್ತಿದ್ದಳು: ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಬಂದ್ ಮಾಡಬೇಡಿ, ಈ ಕೂಡಲೇ ಹಣ ಕಟ್ಟಿ ಪೂರ್ಣ ರಕ್ಷಣೆ ಪಡೆಯಿರಿ.

ನಾನು ಚಪ್ಪಲಿಯನ್ನೂ ಬಿಡದೆ ಹೋಗಿ ಸ್ವಿಚ್ಚಿಗೆ ಕೈ ಹಾಕಿದೆ.

"ಏ ಗೀತಾ, ಕೈ ಹಚ್ಚಬ್ಯಾಡ!" ಮಾವ ಎದ್ದೇ ನಿಂತರು. "ಅಲಾರಂ ಹೊಡ್ಯಾಕ ಹತ್ತೈತಿ ಅಂದ್ರ ಬಂದ್ ಮಾಡಬಾರದವಾ. ಅದು ಏನ್ ಹೇಳ್ತೈತಿ, ಅಷ್ಟ ಮಾಡಬೇಕು."

ಮಾವನ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಧಾರವಾಡದ ಕಡೆಯವರು, ಹೆಸರು ಶಿವಾನಂದ ಅಂಗಡಿ. ಚೆಂಬೂರಿನ ಆಚೆಯ ಒಂದು ತೈಲ ಕಾರ್ಖಾನೆಯ ಸೇಫ್ಟಿ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಅಲ್ಲಿ ಅಲಾರಂ ಎಂದರೆ ದೇವರ ಮಾತು. ನಿಜವೋ ಸುಳ್ಳೋ ಎಂದು ಯೋಚಿಸುತ್ತಾ ನಿಂತವನು ಸುಟ್ಟುಹೋಗುತ್ತಾನೆ ಎಂಬುದು ಅವರ ಇಡೀ ನೌಕರಿಯ ಪಾಠ. ನಮ್ಮ ಮನೆಯ ಕುಕ್ಕರ್ ಹೆಚ್ಚು ಸೀಟಿ ಹೊಡೆದರೂ ಮೊದಲು ಕಿಟಕಿ ತೆಗೆಯುವವರು ಅವರೇ. ಅತ್ತೆ ತೀರಿಕೊಂಡ ಮೇಲೆ ಅವರ ದಿನ ಸಾಗುವುದೇ ಈ ಕಂಪ್ಯೂಟರಿನಿಂದ. ಬೆಳಿಗ್ಗೆ ಅದರಲ್ಲಿ ಧಾರವಾಡದ ಸುದ್ದಿ ಓದುತ್ತಾರೆ, ಮಧ್ಯಾಹ್ನ ಮಾಟುಂಗದ ಕನ್ನಡ ಸಂಘದ ಕರೆಯೋಲೆಗಳನ್ನು ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುತ್ತಾರೆ.

ಅವರಿಂದ ವಿಷಯ ಹೊರಡಿಸಲು ಒಂದು ಲೋಟ ಚಹಾ ಬೇಕಾಯಿತು. ಮೊದಲ ಸಲ ಕೆಂಪು ಪರದೆ ಬಂದದ್ದು ಶುಕ್ರವಾರ ಮಧ್ಯಾಹ್ನವಂತೆ. ಅದರ ಮೇಲಿದ್ದ ನಂಬರಿಗೆ ಮಾವ ಫೋನ್ ಮಾಡಿದ್ದಾರೆ. ಅತ್ತ ಕಡೆಯವನು ಮಾತುಮಾತಿಗೆ ಸರ್ ಸರ್ ಎಂದಿದ್ದಾನೆ, ಏನೋ ಒತ್ತಿಸಿದ್ದಾನೆ. ಆಮೇಲೆ ಪರದೆಯ ಮೇಲಿನ ಬಾಣ ತಾನಾಗಿ ಓಡಾಡಿ, ವೈರಸ್ ಕೊಲ್ಲುವ ಹೊಸ ಸಾಫ್ಟ್‌ವೇರ್ ಒಂದನ್ನು ಕೂರಿಸಿದೆ. ಇದನ್ನೆಲ್ಲ ಹೇಳುವಾಗ ಮಾವನ ಮುಖದಲ್ಲಿ ಕರ್ತವ್ಯ ಮಾಡಿದ ಸಮಾಧಾನವಿತ್ತು.

"ಮಾವಾರ, ಕಾರ್ಡ್ ನಂಬರ್ ಕೊಟ್ರೇನು?" ಎಂದು ಕೇಳಿದೆ.

"ಇವತ್ತ ಫೋನ್ ಮಾಡಿ ಕೇಳಿದ್ದ. ಅದ್ಹೆಂಗ ಕೊಡ್ಲಿ? ಖರೀದಿಗೆ ಅಕೌಂಟ್ಸ್‌ನವರ ಮಂಜೂರಿ ಬೇಕು, ನಮ್ಮ ಸೊಸಿ ಆಫೀಸಿಂದ ಬರಲಿ ಅಂದೆ. ಅಂವಾ ಸಿಟ್ಟಾದ. ಆಗಲಿ ಬಿಡು, ನಿಯಮ ಅಂದ್ರ ನಿಯಮ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಾರ್ಖಾನೆಯ ಒಂದು ನಿಯಮ ಅವರನ್ನು ಹಳ್ಳದ ಕಡೆ ತಳ್ಳಿತ್ತು, ಇನ್ನೊಂದು ನಿಯಮ ದಡದಲ್ಲೇ ಹಿಡಿದು ನಿಲ್ಲಿಸಿತ್ತು.

ನಮ್ಮ ಆಫೀಸಿನ ಕಂಪ್ಯೂಟರ್ ವಿಭಾಗದ ನೇಹಾಗೆ ಫೋನ್ ಮಾಡಿದೆ. ಅವಳು ಪೂರ್ತಿ ಕೇಳುವ ಮೊದಲೇ, "ದೀದಿ, ಪೆಹಲೇ ನೆಟ್ ನಿಕಾಲೋ!" ಎಂದಳು. ಇಂಟರ್ನೆಟ್ ವಯರು ಕಿತ್ತೆ. ಆ ಸಾಫ್ಟ್‌ವೇರ್ ವೈರಸ್ ಕೊಲ್ಲುವುದಲ್ಲ, ಅದೇ ವೈರಸ್ಸು, ಜೊತೆಗೆ ಆ ಮನುಷ್ಯ ಬೇಕೆಂದಾಗ ಒಳಗೆ ಬರಲು ಒಂದು ಬಾಗಿಲನ್ನೂ ಇಟ್ಟು ಹೋಗಿದ್ದಾನೆ ಎಂದು ಅವಳು ಬಿಡಿಸಿ ಹೇಳಿದಳು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ನನ್ನ ಫೋನಿನಿಂದ ಬ್ಯಾಂಕಿನದು, ಈಮೇಲಿನದು, ಎಲ್ಲ ಪಾಸ್‌ವರ್ಡುಗಳನ್ನೂ ಬದಲಾಯಿಸಿ ಅಡುಗೆಮನೆಗೆ ಹೋದೆ.

ಊಟಕ್ಕೆ ಕೂತಾಗ ನನ್ನ ಗಂಡ ಮಂಜುನಾಥ ತಟ್ಟೆಯಿಂದ ತಲೆ ಎತ್ತದೆ ಹೇಳಿದರು, "ಅಪ್ಪಾ, ಇನ್ನ ಮ್ಯಾಲೆ ನೀವು ಕಂಪ್ಯೂಟರ್ ಮುಟ್ಟಬ್ಯಾಡ್ರಿ. ಸುಮ್ಮನ ಟೀವಿ ನೋಡ್ರಿ. ಈ ವಾರದಾಗ ಅದನ್ನ ಯಾರಿಗಾದರೂ ಕೊಟ್ಟ ಬಿಡ್ತೀನಿ."

ಮಾವ ಎರಡನೇ ರೊಟ್ಟಿ ಬೇಡವೆಂದು ಕೈ ತೊಳೆಯಲು ಎದ್ದರು. ಅವರು ಎರಡನೇ ರೊಟ್ಟಿ ಬೇಡ ಎಂದದ್ದನ್ನು ನಾನು ಅತ್ತೆ ತೀರಿಕೊಂಡ ತಿಂಗಳಲ್ಲಿ ಮಾತ್ರ ನೋಡಿದ್ದೆ.

ವಾರಕ್ಕೊಂದೇ ಭಾನುವಾರ. ಅದೂ ಆ ಪೆಟ್ಟಿಗೆಯ ಮುಂದೆ ಹೋಯಿತು. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳಿಗೆ ಅದರ ರಿಪೇರಿಯೂ ಬರುತ್ತದೆ ಎಂಬುದು ನಮ್ಮ ಮನೆಯವರ ಗಟ್ಟಿ ನಂಬಿಕೆ. ನೇಹಾ ಫೋನಿನಲ್ಲಿ ಹೇಳುತ್ತಾ ಹೋದಳು, ನಾನು ಮಾಡುತ್ತಾ ಹೋದೆ. ಕಂಪ್ಯೂಟರನ್ನು ಸೇಫ್ ಮೋಡಿನಲ್ಲಿ, ಅಂದರೆ ಅತಿ ಅಗತ್ಯದ್ದು ಬಿಟ್ಟು ಬೇರೆ ಯಾವುದೂ ಏಳದ ಹಾಗೆ, ಶುರು ಮಾಡಿದೆ. ಆ ಕಳ್ಳ ಸಾಫ್ಟ್‌ವೇರನ್ನು ಹುಡುಕಿ ತೆಗೆದೆ. ಕಂಪ್ಯೂಟರ್ ಮತ್ತೆ ಶುರು ಮಾಡಿದರೆ ಗುರಾಣಿ ಅಲ್ಲೇ ನಗುತ್ತಾ ಕೂತಿತ್ತು. ಮತ್ತೆ ತೆಗೆದೆ, ಮತ್ತೆ ಬಂತು. ಅದು ಬೇರೆ ಹೆಸರಿನಲ್ಲಿ ಇನ್ನೊಂದು ಕಡೆ ಅವಿತಿತ್ತು. ಕೊನೆಗೆ ನನ್ನ ಲ್ಯಾಪ್‌ಟಾಪಿನಲ್ಲಿ ನಿಜವಾದ ಆಂಟಿವೈರಸ್ ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ತಂದು ಹಾಕಿ ತಪಾಸಣೆಗೆ ಬಿಟ್ಟೆ. ಪರದೆಯ ಹಸಿರು ಪಟ್ಟಿ ಬಸವನಹುಳುವಿಗಿಂತ ನಿಧಾನ. ಅದು ತೆವಳುವಷ್ಟರಲ್ಲಿ ಬಟ್ಟೆ ಒಗೆಯುವುದು, ಜೋಳದ ರೊಟ್ಟಿ ಬಡಿಯುವುದು ಎರಡೂ ಮುಗಿದವು. ಕೈಯ ಹಿಟ್ಟು ಒರೆಸಿಕೊಂಡು ಬಂದು ನೋಡುವುದು, ನಿಟ್ಟುಸಿರು ಬಿಟ್ಟು ಒಳಗೆ ಹೋಗುವುದು. ಸಾಕಪ್ಪಾ ಸಾಕು ಎನಿಸಿತ್ತು.

ಊಟವಾದ ಮೇಲೆ ಅಂತೂ ಪರದೆ ಶುದ್ಧವಾಯಿತು. ಇನ್ನೇನು ಒಂದು ಗಳಿಗೆ ಮಲಗೋಣ ಎಂದು ಏಳುತ್ತಿದ್ದೆ. ಬೆಳಗಿನಿಂದ ಪಕ್ಕದಲ್ಲಿ ಕೂತಿದ್ದ ಮಾವ ಮೆಲ್ಲಗೆ ಅಂದರು, "ಹಂಗಾರ ಕೆಳಗ ಸುಮತಿಬಾಯಾರ ಮನ್ಯಾಗಿಂದೂ ತಗೀಬೇಕಲ್ಲವಾ."

"ಅವರ ಮನೆಯದು ಏನು?"

"ನಿನ್ನೆ ಮುಂಜಾನೆ ಹೋಗಿ ಆ ನಂಬರ್ ಕೊಟ್ಟು ಬಂದೀನಿ. ಒಂದು ಶೆಡ್ಡಿಗೆ ಬೆಂಕಿ ಹತ್ತಿದ್ರ ಬಾಜೂಕಿನ ಶೆಡ್ಡಿನವರಿಗೆ ಮೊದಲ ಹೇಳಬೇಕು. ಹೇಳಿದೆ."

ನಾನು ಹಾಗೇ ಕುರ್ಚಿಯಲ್ಲಿ ಕುಸಿದೆ. ತಮ್ಮ ಮನೆ ಉಳಿದರೆ ಸಾಕೆಂದು ಸುಮ್ಮನಿರಲು ಈ ಮನುಷ್ಯನಿಂದ ಆಗಿರಲಿಲ್ಲ. ಪುಣ್ಯಕ್ಕೆ ಆ ಬೆಳಿಗ್ಗೆ ಬೇರೆ ಯಾರ ಬಾಗಿಲೂ ತೆರೆದಿರಲಿಲ್ಲವಂತೆ.

ಸುಮತಿ ಆಂಟಿ ಉಡುಪಿ ಕಡೆಯವರು, ನಿವೃತ್ತ ಟೀಚರ್. ಕೆಳಗಿನ ಮಹಡಿಯಲ್ಲಿ ಮಗ ಪ್ರಸಾದನ ಜೊತೆ ಇರುತ್ತಾರೆ, ಮನೆಯಿಂದಲೇ ಕಂಪ್ಯೂಟರಿನಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಾರೆ. ಬಿಲ್ಡಿಂಗಿನಲ್ಲಿ ಎಲ್ಲರೂ ಮಾವನನ್ನು ಅಂಗಡಿ ಸಾಹೇಬರು ಎನ್ನುತ್ತಾರೆ. ಸೊಸೈಟಿಯ ನೀರಿನ ಪಂಪಿನಿಂದ ಹಿಡಿದು ಗ್ಯಾಸ್ ಪೈಪಿನ ತನಕ ಅವರ ಮಾತೇ ಕೊನೆ. ಆ ಮರ್ಯಾದೆ ಒಂದು ಕೆಂಪು ಪರದೆಗೆ ಹೋಗಬಾರದು ಎನಿಸಿತು ನನಗೆ.

"ಮಾವಾರ, ನೀವು ಇಲ್ಲೇ ಇರ್ರಿ. ನಾನೊಬ್ಬಳೇ ಹೋಗ್ತೀನಿ. ಅದರ ಹೊಸಾದು ಬಂದೈತಿ, ಹಳೇದು ತಗೀಬೇಕು ಅಂತ ಹೇಳಿ ತೆಗೆದು ಬರ್ತೀನಿ. ಯಾರಿಗೂ ಏನೂ ಗೊತ್ತಾಗೂದಿಲ್ಲ."

ಮಾವ ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣ ಮುಂದಿದೆ. ಕೋಪ ಇರಲಿಲ್ಲ, ಆಶ್ಚರ್ಯ ಇತ್ತು. "ಇಲ್ಲವಾ. ನಮ್ಮ ಕಾರ್ಖಾನ್ಯಾಗ ಯಾರ ಕೈಯಿಂದ ತಪ್ಪಾಗ್ತೈತಿ, ಅವರ ಬಂದು ಎಲ್ಲಾರ ಮುಂದ ಹೇಳಬೇಕು. ಹೇಳಿದವನ್ನ ಯಾರೂ ಬೈಯೂದಿಲ್ಲ. ಮುಚ್ಚಿಟ್ಟವಗ ಮಾತ್ರ ಶಿಕ್ಷಾ." ಇಷ್ಟು ಹೇಳಿ ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು.

ಕೆಳಗೆ ಪ್ರಸಾದ ಬಾಗಿಲು ತೆರೆದ. ಚಕ್ಕುಲಿ ತಟ್ಟೆ ತರಲು ಹೊರಟ ಸುಮತಿ ಆಂಟಿಯನ್ನು ಮಾವ ತಡೆದರು. ಕೂರಲೂ ಇಲ್ಲ. "ಬಾಯಾರ, ನಿನ್ನೆ ನಾ ನಿಮಗ ಹೇಳಿದ್ದು ತಪ್ಪು. ಅದು ಔಷಧ ಅಲ್ಲ, ಅದ ರೋಗ. ನಾ ಮೋಸ ಹೋದೆ, ನಿಮ್ಮನ್ನೂ ಅದರಾಗ ಕೆಡವಿದೆ."

ಪ್ರಸಾದನ ಮುಖ ಬಿಗಿಯಿತು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗ, ಕನ್ನಡ ತಡವರಿಸುತ್ತದೆ. "ಅಂಕಲ್, ಆಪ್‌ಕೋ ಪತಾ ನಹೀ ಥಾ ತೋ... ಗೊತ್ತಿಲ್ಲ ಅಂದ್ರೆ ಯಾಕೆ ಎಲ್ಲರಿಗೆ ಹೇಳೋದು? ಮಮ್ಮಿಗೆ ಟ್ಯೂಷನ್ ಇದೆ ಇದ್ರಲ್ಲಿ."

ನನ್ನ ಕಿವಿ ಬಿಸಿಯಾಯಿತು. ಇದಕ್ಕೇ ನಾನೊಬ್ಬಳೇ ಬರುತ್ತೇನೆ ಎಂದದ್ದು. ಮಾವ ಮಾತ್ರ ತಲೆಯಾಡಿಸಿದರು. "ಹೌದಪಾ. ನೀ ಹೇಳೂದು ಖರೆ."

ನಾನು ಅವರ ಕಂಪ್ಯೂಟರಿನ ಮುಂದೆ ಕೂತು, ಇಂಟರ್ನೆಟ್ ಕಿತ್ತು, ಬೆಳಗಿನ ಅದೇ ಕೆಲಸವನ್ನು ಮೊದಲಿನಿಂದ ಶುರು ಮಾಡಿದೆ. ಕಣ್ಣು ಉರಿಯುತ್ತಿದ್ದವು. "ಆಂಟಿ, ನೀವು ಕಾರ್ಡ್ ಏನೂ ಕೊಟ್ಟಿಲ್ಲ ತಾನೆ?" ಎಂದು ತಿರುಗದೆ ಕೇಳಿದೆ.

"ಇಲ್ಲಪ್ಪ, ಅದೆಲ್ಲ ಎಂತ ಇಲ್ಲ," ಎಂದರು.

ನಾನು ನಂಬಿದೆ. ಬೇಗ ಮುಗಿಸಿ ಹೋಗಿ ಮಲಗಬೇಕಿತ್ತು.

ಆಂಟಿ ಅಲ್ಲೇ ನಿಂತಿದ್ದರು. ಸೆರಗಿನ ತುದಿಯನ್ನು ಸುತ್ತುತ್ತಾ, ಬಿಚ್ಚುತ್ತಾ. ಆಮೇಲೆ ನನಗಲ್ಲ, ಮಗನಿಗೂ ಅಲ್ಲ, ನೇರ ಮಾವನ ಕಡೆ ತಿರುಗಿ ಹೇಳಿದರು. "ಅಂಗಡಿಯವರೇ, ನಾನು ಕಾರ್ಡಿನ ನಂಬ್ರ ಹಾಕಿದ್ದೇನೆ ಮಾರಾಯ್ರೆ. ನಿನ್ನೆ ಸಂಜೆ. ಹಣ ಹೋಯ್ತು ಅಂತ ಮೆಸೇಜೂ ಬಂತು. ಇವನಿಗೆ ಗೊತ್ತಾದ್ರೆ ಬೈತಾನೆ ಅಂತ ಅಳಿಸಿ ಹಾಕಿದೆ. ಯಾರಿಗೂ ಹೇಳುದು ಬೇಡ ಅಂತ ಇದ್ದೆ. ನೀವೇ ಬಂದು ಹೀಗೆ ನಿಂತು ಹೇಳಿದ ಮೇಲೆ ನಾನು ಹೇಗೆ ಸುಮ್ಮನಿರುದು?"

"ಮಮ್ಮಿ!" ಎಂದ ಪ್ರಸಾದ.

"ಬೈಯಬ್ಯಾಡ!" ಮಾವನ ದನಿ ಒಮ್ಮೆಲೆ ಏರಿತು. ಕಾರ್ಖಾನೆಯಲ್ಲಿ ಹೀಗೆ ಮಾತಾಡುತ್ತಿದ್ದರೇನೋ. "ಮೊದಲ ಬ್ಯಾಂಕಿಗೆ ಫೋನ್ ಹಚ್ಚು. ಕಾರ್ಡ್ ಬಂದ್ ಮಾಡ್ಸು. ಉಳಿದ ಮಾತು ಆಮ್ಯಾಲೆ."

ಹುಡುಗ ತೆಪ್ಪಗೆ ಫೋನ್ ಹಚ್ಚಿದ. ಅದು ಆಂಟಿಯ ಪಿಂಚಣಿ ಬರುವ ಖಾತೆ. ಬ್ಯಾಂಕಿನವರು ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಕಾಯಿಸುತ್ತಿದ್ದಷ್ಟು ಹೊತ್ತೂ ಸುಮತಿ ಆಂಟಿ ನನ್ನ ಭುಜ ಹಿಡಿದುಕೊಂಡಿದ್ದರು. ಕೊನೆಗೆ ಕಾರ್ಡ್ ಬಂದ್ ಆದ ಮೆಸೇಜ್ ಬಂತು. ಅದರ ಬೆನ್ನಿಗೇ ಇನ್ನೊಂದು ಮೆಸೇಜ್: ಅದೇ ಕಾರ್ಡಿನಿಂದ ದೊಡ್ಡ ಮೊತ್ತ ತೆಗೆಯಲು ಪ್ರಯತ್ನ ನಡೆದಿದೆ, ಕಾರ್ಡ್ ಬಂದ್ ಆಗಿರುವುದರಿಂದ ಹಣ ಹೋಗಿಲ್ಲ. ಪ್ರಸಾದ ಅದನ್ನು ಮತ್ತೊಮ್ಮೆ ಓದಿದ. ಫೋನ್ ಕೆಳಗಿಟ್ಟು ತಾಯಿಯ ಪಕ್ಕ ಕೂತ. ಸ್ವಲ್ಪ ಹೊತ್ತಿನ ಮೇಲೆ ಮಾವನ ಹತ್ತಿರ ಬಂದು, "ಸಾರಿ ಅಂಕಲ್," ಎಂದ. ಮಾವ ಅವನ ಬೆನ್ನು ತಟ್ಟಿ, ಸೈಬರ್ ಪೊಲೀಸರಿಗೆ ಇವತ್ತೇ ದೂರು ಕೊಡಬೇಕೆಂದು ಹೇಳಿದರು. ನಿಂತಿದ್ದವರು ಆಗ ಕೂತರು, ಚಕ್ಕುಲಿಯನ್ನೂ ತಿಂದರು.

ಅವರ ಕಂಪ್ಯೂಟರ್ ಶುದ್ಧವಾಗಿ ನಾವು ಹೊರಡುವಾಗ ದೀಪ ಹಚ್ಚುವ ಹೊತ್ತು. ಮೆಟ್ಟಿಲ ತಿರುವಿನಲ್ಲಿ ಮಾವ ಕಂಬಿ ಹಿಡಿದು ನಿಂತರು. ಉಸಿರು ಸುಧಾರಿಸಿಕೊಳ್ಳಲು ಎಂದುಕೊಂಡೆ.

"ಗೀತಾ, ಮಂಜು ಆ ಕಂಪ್ಯೂಟರ್ ಖರೇನ ಕೊಟ್ಟ ಬಿಡ್ತಾನೇನ?"

ಅವರು ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. "ಕೊಡೂದಿಲ್ಲರಿ ಮಾವಾರ. ನಾ ಹೇಳ್ತೀನಿ ಅವರಿಗೆ," ಎಂದೆ. ಮನೆಗೆ ಹೋದವಳೇ ಹೇಳಿದೆ ಕೂಡ, ಸ್ವಲ್ಪ ಜೋರಾಗಿಯೇ. ಮಂಜುನಾಥ ಮೊದಲು ವಾದ ಮಾಡಿದರು, ಕೆಳಗೆ ನಡೆದದ್ದನ್ನು ಕೇಳಿದ ಮೇಲೆ ಒಪ್ಪಿದರು. ಆ ರಾತ್ರಿ ತಂದೆಯ ತಟ್ಟೆಗೆ ಎರಡನೇ ರೊಟ್ಟಿ ಹಾಕಿದವರು ಅವರೇ.

ಆಮೇಲೆ ಎಷ್ಟೋ ಸಲ ಲೋಕಲ್‌ನಲ್ಲಿ ನಿಂತು ಆ ಭಾನುವಾರವನ್ನು ನೆನೆದಿದ್ದೇನೆ. ಮಾವನ ಮಾನ ಕಾಯಬೇಕೆಂದು ಹೊರಟಿದ್ದವಳು ನಾನು. ಅವರು ನನ್ನ ಮಾತು ಕೇಳಿದ್ದರೆ ಮಾನ ಉಳಿಯುತ್ತಿತ್ತು. ಕೆಳಗಿನ ಮನೆಯಲ್ಲಿ ಸುಮತಿ ಆಂಟಿ ಸೆರಗಿನ ತುದಿ ಸುತ್ತುತ್ತಾ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದರು, ಅವರ ಪಿಂಚಣಿ ಪೂರ್ತಿ ಖಾಲಿಯಾಗುವ ತನಕ.