ಕಾಸೀಮಬೀಯ ಮುಂಗೈ

ಅತ್ತರಿನ ಸೀಸೆಗೆ ನೇರ ಮೂಗು ಹಚ್ಚುವವರನ್ನು ಕಂಡರೆ ಅಮೀನಸಾಬನಿಗೆ ಮೈಯೆಲ್ಲ ಉರಿಯುತ್ತಿತ್ತು. "ಸೀಸೆ ಮೂಸಬ್ಯಾಡ್ರಿ. ಮುಂಗೈ ಕೊಡ್ರಿ, ಹಚ್ಚತೀನಿ. ಸಂಜಿಮುಂದ ಬಂದು ಬೇಕಾದ್ರ ಕೊಳ್ರಿ," ಎನ್ನುತ್ತಿದ್ದ. ಹೀಗೆ ವ್ಯಾಪಾರ ಮಾಡುವವನು ಕೊಪ್ಪಳದಲ್ಲಿ ಇನ್ನೊಬ್ಬನಿರಲಿಲ್ಲ. ಇದ್ದಿದ್ದರೆ ಇಬ್ಬರೂ ಉಪವಾಸ ಬೀಳುತ್ತಿದ್ದರು.

ಆದರೆ ಅವನ ಮಾತು ಸುಳ್ಳಲ್ಲ. ಅವನ ಮಸಾಲೆ ಅತ್ತರು ಹಚ್ಚಿದ ಕೂಡಲೇ ಲವಂಗ ಜಗಿದಂತೆ ಮೂಗಿಗೆ ಚುರ್ರೆನ್ನುತ್ತಿತ್ತು. ಮನೆಮಂದಿಗೆ ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಆ ಖಾರ ಇಳಿದು ಜಾಯಿಕಾಯಿ, ಕೇಸರಿ ಏಳುತ್ತಿದ್ದವು. ಹೊತ್ತು ಮುಳುಗುವಾಗ ಉಳಿಯುವುದು ಗಂಧ, ಜೊತೆಗೆ ಹಚ್ಚಿಕೊಂಡವರ ಮೈಯ ಬಿಸುಪು.

ಅತ್ತರು ಬೆರೆಸುವವನು ಅವನು. ಹದ ಹೇಳುವವಳು ಹೆಂಡತಿ ಕಾಸೀಮಬೀ. ನಸುಕಿನಲ್ಲಿ ಅವಳ ಎಡ ಮುಂಗೈಗೆ ಹೊಸದಾಗಿ ಬೆರೆಸಿದ್ದರ ಒಂದು ಹನಿ ಹಚ್ಚಿ ಅವನು ಪೆಟ್ಟಿಗೆ ಹೊತ್ತು ಹೋಗುತ್ತಿದ್ದ. ಅವಳು ಅದಕ್ಕೆ ನೀರು ತಾಗಿಸದೆ ಕೆಲಸ ಮಾಡುತ್ತ, ಆಗಾಗ ಮೂಸಿ, ಅವನು ಬಂದಾಗ ಹೇಳುತ್ತಿದ್ದಳು. ಅವಳು "ಆತು" ಅನ್ನದೆ ಅದರ ಒಂದು ಹನಿಯೂ ಮನೆಯಿಂದ ಹೊರಗೆ ಹೋಗುತ್ತಿರಲಿಲ್ಲ.

೧೯೩೭ರಲ್ಲಿ ನನ್ನ ಮದುವೆ ಗೊತ್ತಾಯಿತು. ಬೀಗರು ಗಂಗಾವತಿಯವರು, ಎಲ್ಲದಕ್ಕೂ ಮೂಗು ಮುರಿಯುವವರು. ಅವರ ಕೈಗೆ ಹಚ್ಚಲು ಅಮೀನಸಾಬನ ಮಸಾಲೆ ಅತ್ತರೇ ಬೇಕೆಂದು ನನ್ನ ಅವ್ವ ವಿರೂಪಾಕ್ಷಮ್ಮ ಹೇಳಿ ಕಳಿಸಿದಳು.

ಆದರೆ ಆ ಮಳೆಗಾಲದಲ್ಲಿ ಕಾಸೀಮಬೀ ಜ್ವರ ಬಂದು ಮಲಗಿ ಎದ್ದಿದ್ದಳು. ಎದ್ದ ಮೇಲೆ ಅವಳಿಗೆ ಒಗ್ಗರಣೆ ಸೀದದ್ದೂ ತಿಳಿಯುತ್ತಿರಲಿಲ್ಲ. ಗಂಡನಿಗೆ ಹೇಳಲಿಲ್ಲ. ತನ್ನಿಂದ ಈ ಮನೆಗೆ ಆಗುವುದು ಅದೊಂದೇ ಎಂದುಕೊಂಡಿದ್ದ ಹೆಣ್ಣು, ಅದೂ ಹೋಯಿತೆಂದು ಯಾವ ಬಾಯಿಂದ ಹೇಳಿಯಾಳು, ಪಾಪ! ಬಿಸಿಲು ನೋಡಿ ಹೇಳತೊಡಗಿದಳು: ಇಷ್ಟೊತ್ತಿಗೆ ಲವಂಗ, ಇಷ್ಟೊತ್ತಿಗೆ ಕೇಸರಿ.

ಒಂದು ದಿನ ಅಮೀನಸಾಬ ಕೈತಪ್ಪಿ ಲಾವಂಚದ ಸೀಸೆ ತೆಗೆದು ಹಚ್ಚಿ ಹೋದ. ತೆರೆದ ಪೆಟ್ಟಿಗೆಯ ಹತ್ತು ವಾಸನೆಗಳ ನಡುವೆ ಅವನಿಗೂ ತಿಳಿಯಲಿಲ್ಲ. ಅಳವಂಡಿಯ ದಾರಿಯಲ್ಲಿ ಸೀಸೆ ತೆಗೆದು ನೋಡಿದಾಗ ಗೊತ್ತಾಗಿ, ತನ್ನನ್ನೇ ಬೈದುಕೊಳ್ಳುತ್ತ ಮಧ್ಯಾಹ್ನ ತಿರುಗಿ ಬಂದ. ಬಾಯಿ ತೆರೆಯುವ ಮೊದಲೇ ಅವಳು, "ಲವಂಗ ಇಳದೈತ್ರಿ. ಕೇಸರಿ ಛಲೋ ಬರಾಕತ್ತೈತಿ," ಎಂದಳು. ಅವನು ಆ ಕೈ ಹಿಡಿದು ಮೂಸಿದ. ಮಳೆ ಬಿದ್ದ ಮಣ್ಣಿನಂಥ ಲಾವಂಚ. "ಹೌದು, ಛಲೋ ಐತಿ," ಎಂದು ಊಟಕ್ಕೆ ಕುಳಿತ.

ಮರುದಿನದಿಂದ ಮಸಾಲೆ ಅತ್ತರನ್ನೇ ಹಚ್ಚಿದ. ಆದರೆ ದೂರದ ಹಳ್ಳಿಗೆ ಹೋಗುವುದನ್ನು ಬಿಟ್ಟು, ಹೊತ್ತಿಗೊಮ್ಮೆ ಮನೆಗೆ ಬಂದು ಅವಳ ಕೈ ಮೂಸಿ ಹೋಗುವನು. ಅವಳು ಮಾತ್ರ ಮದುವೆಯ ಅತ್ತರು ತನ್ನಿಂದ ಕೆಟ್ಟೀತೆಂದು ಹೆದರಿ, "ಇನ್ನೂ ಆಗಿಲ್ರಿ," ಎನ್ನುತ್ತಲೇ ಇದ್ದಳು. ಮದುವೆಗೆ ನಾಲ್ಕೇ ದಿನ ಉಳಿದವು. ನಮ್ಮ ಆಳು ಎರಡು ಸಲ ಬರಿಗೈಯಲ್ಲಿ ಬಂದ. ಮೂರನೆಯ ಸಲ ಅವ್ವನೇ ಹೋದಳು, ಬೈಯಬೇಕೆಂದೇ ಹೋದಳು. ಒಳಗೆ ಅಳು ಕೇಳಿ ಹೊಸ್ತಿಲಲ್ಲೇ ನಿಂತಳಂತೆ.

"ನನ್ನ ಮೂಗು ಸತ್ತೈತ್ರಿ. ಜ್ವರ ಬಂದಾಗಿಂದ ಏನೂ ಗೊತ್ತಾಗೂದಿಲ್ಲ. ನಿಮಗ ಸುಳ್ಳು ಹೇಳೀನಿ," ಎನ್ನುತ್ತಿದ್ದಳು ಕಾಸೀಮಬೀ.

"ಗೊತ್ತೈತಿ," ಎಂದ ಅಮೀನಸಾಬ. "ಲಾವಂಚಕ್ಕ ಕೇಸರಿ ಅಂದಿದ್ದಿ."

"ಗೊತ್ತಿದ್ದೂ ದಿನಾ ನನಗ್ಯಾಕ ಹಚ್ಚತೀರಿ? ನಿಮ್ಮ ಕೈಗೆ ಹಚ್ಚಿಕೊಂಡು ನೋಡಬಾರದ?"

"ನನ್ನ ಕೈಗೆ ಹತ್ತು ಅತ್ತರ ಮೆತ್ತ್ಯಾವು. ಅದರಾಗ ಏನು ತಿಳೀತೈತಿ?" ಅವನು ಅವಳ ಮುಂಗೈ ಎತ್ತಿ ಮೂಗಿಗೆ ಹಿಡಿದ. "ಇಪ್ಪತ್ತು ವರ್ಷ ಈ ಕೈ ಮೂಸೇ ಕಲತಾಂವ ನಾನು. ಮೂಗು ನಂದಿರಲಿ, ಕೈ ನಿಂದ ಬೇಕು. ಅತ್ತರ ಆಗೈತಿ. ಆದ್ರ ನೀ ಹೇಳದ ಹೊರಗ ಹೋಗೂದಿಲ್ಲ."

ಕಾಸೀಮಬೀ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, "ಆತು," ಎಂದಳು.